ಲಫ್ರಾಯ್ಗ್ ವಿಸ್ಕಿಗೆ ಅಯೋಡಿನ್ ಬೆರೆಸುತ್ತಾರೆಯೇ? ಇಲ್ಲ

ಸ್ಕಾಟ್ಲೆಂಡಿನ ಐಲಾ ದ್ವೀಪದ ಲಫ್ರಾಯ್ಗ್ ಸಿಂಗಲ್ ಮಾಲ್ಟ್‌ಗೆ (ಒಂದೇ ಭಟ್ಟಿಯಲ್ಲಿ ಮೊಳಕೆ ಬಾರ್ಲಿಯಿಂದಷ್ಟೇ ಮಾಡಿದ ವಿಸ್ಕಿ) ಆಸ್ಪತ್ರೆಯ ವಾಸನೆ ಬರುವುದು ಅಯೋಡಿನ್ ಬೆರೆಸುವುದರಿಂದ ಎಂಬ ಮಾತು ಹರಿದಾಡುತ್ತಿದೆ. ಇದು ಸುಳ್ಳು. 2009ರ ಬ್ರಿಟಿಷ್ ನಿಯಮದಂತೆ ಸ್ಕಾಚ್‌ಗೆ ನೀರು ಮತ್ತು ಬಣ್ಣಕ್ಕೆಂದು ಸಾದಾ ಕ್ಯಾರಮೆಲ್ ಬಿಟ್ಟು ಬೇರೇನನ್ನೂ ಸೇರಿಸುವಂತಿಲ್ಲ.

ವಾಸನೆಯ ಮೂಲ ಪೀಟ್. ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತು ಕೂತ ಪಾಚಿ, ಗಿಡಗಂಟಿಗಳ ಪದರವಿದು. ಅದನ್ನು ಕಡಿದು ಒಣಗಿಸಿ ಉರಿಸುತ್ತಾರೆ. ಮೊಳಕೆ ಬಂದ ಹಸಿ ಬಾರ್ಲಿ ಆ ಹೊಗೆಯಲ್ಲಿ ಒಣಗುವಾಗ ಕ್ರೆಸಾಲ್, ಗ್ವಾಯಕಾಲ್‌ನಂಥ ಫೀನಾಲುಗಳು ಕಾಳಿಗೆ ಹತ್ತಿಕೊಳ್ಳುತ್ತವೆ. ಹಳೆಯ ಕಾಲದ ಕ್ರಿಮಿನಾಶಕ ದ್ರಾವಣಗಳಲ್ಲೂ ಇದೇ ಕುಲದ ರಾಸಾಯನಿಕಗಳಿದ್ದವು. ಮೂಗು ಮೋಸಹೋಗುವುದು ಅದಕ್ಕೇ. ಬೆಂಗಳೂರಿನ ವಿಸ್ಕಿ ಅಮೃತ್ ಫ್ಯೂಷನ್‌ನಲ್ಲಿರುವ ಹೊಗೆಯೂ ಸ್ಕಾಟ್ಲೆಂಡಿನಿಂದ ತರಿಸಿದ ಪೀಟ್ ಬಾರ್ಲಿಯದೇ.

1815ರಲ್ಲಿ ಜಾನ್‌ಸ್ಟನ್ ಸಹೋದರರು ಕಟ್ಟಿದ ಲಫ್ರಾಯ್ಗ್ ಭಟ್ಟಿಯ ಸರಕು ಅಮೆರಿಕದ ಪಾನನಿಷೇಧದ ಕಾಲದಲ್ಲಿ ಔಷಧದ ಹೆಸರಲ್ಲಿ ಮಾರಾಟವಾಗಿತ್ತು. ಗುಮಾನಿಗೆ ಅದೂ ಇಂಬು ಕೊಟ್ಟಿರಬಹುದು. (ಔಷಧವೇನೂ ಅಲ್ಲ, ಅದು ಬೇರೆ ಮಾತು.)

ರುಚಿ ನೋಡುವವರು ಮೊದಲ ಗುಟುಕಿಗೇ ತೀರ್ಪು ಕೊಡಬೇಡಿ. ನಾಲ್ಕು ಹನಿ ನೀರು ಹಾಕಿ ತುಸು ಕಾದರೆ ಹೊಗೆಯ ಹಿಂದಿನಿಂದ ವೆನಿಲಾದ ಸಿಹಿ ಇಣುಕುತ್ತದೆ. ಅದು ಅಮೆರಿಕದ ವಿಸ್ಕಿ ಬರ್ಬನ್ ತುಂಬಿಟ್ಟಿದ್ದ ಓಕ್ ಪೀಪಾಯಿಯ ಕೊಡುಗೆ.