ಯಾವ ಮಠಕ್ಕೂ ಸೇರದ ಸ್ವಾಮಿಗಳು

ಸ್ವಾಮಿಯೊಬ್ಬರ ಮನಸ್ಸು ಕಾಮದತ್ತ ಹೊಯ್ದಾಡುವ ನಾಟಕವನ್ನು ನಿಲ್ಲಿಸಿ ಅಂತ ಒಂದು ಸಮಾಜದವರಿಂದ ಮತ್ತೆ ಮನವಿ ಬಿದ್ದಿದೆ. ಯಾವ ನಾಟಕ, ಯಾವ ಸಮಾಜ ಅಂತ ಹುಬ್ಬಳ್ಳಿ-ಧಾರವಾಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಲೆಟರ್‌ಹೆಡ್ ಬದಲಾಗಿದೆ, ಒಕ್ಕಣೆ ಅದೇ. ನಾಟಕ ನಿಲ್ಲಿಸಲು ಬ್ರಿಟಿಷರಿಗೆ 1876ರಲ್ಲಿ ಒಂದು ಕಾಯ್ದೆಯೇ ಬೇಕಾಯಿತು. ಅದು 2018ರಲ್ಲಿ ರದ್ದಾಯಿತು. ಈಗ ಎರಡು ರೂಪಾಯಿ ಝೆರಾಕ್ಸ್ ಸಾಕು.

ಬೇಡಿಕೆ ಸರಳವಾದದ್ದೇ: ಎಲ್ಲ ಸಮಾಜಕ್ಕೂ ಪ್ರಾತಿನಿಧ್ಯ ಇರಲಿ, ಕೆಡುವ ಪಾತ್ರ ಮಾತ್ರ ನಮ್ಮವರದು ಬೇಡ. ಎಲ್ಲರೂ ಇದನ್ನೇ ಅಂದರೆ ಕೆಡಲು ಒಬ್ಬನೂ ಸಿಗುವುದಿಲ್ಲ, ಅಷ್ಟೇ.

ಪೋಸ್ಟರಿನಲ್ಲಿ ಸ್ವಾಮಿಗಳ ಹೆಸರಿನ ಹಿಂದೆ ನಿ.ಪ್ರ.ಸ್ವ. (ನಿರಂಜನ ಪ್ರಣವಸ್ವರೂಪಿ) ಹಾಕಿದರೆ ಲಿಂಗಾಯತ ವಿರಕ್ತ ಮಠದವರು ಏಳುತ್ತಾರೆ. ಷ.ಬ್ರ. (ಷಟ್‌ಸ್ಥಲಬ್ರಹ್ಮಿ) ಹಾಕಿ ಕೊನೆಗೆ ಶಿವಾಚಾರ್ಯ ಸೇರಿಸಿದರೆ ವೀರಶೈವ ಗುರುಪೀಠದವರು. ತೀರ್ಥರು ಅಂದರೆ ಮಾಧ್ವರು. ಹೋಗಲಿ, ನಮ್ಮ ಕಡೆ ಸ್ವಾಮಿಗಳನ್ನು ಕರೆಯುವ ಹಾಗೆ ಬರೇ ‘ಅಜ್ಜಾರು’ ಅನ್ನೋಣವೆಂದರೆ ಎಲ್ಲರೂ ಒಟ್ಟಿಗೇ ಏಳುತ್ತಾರೆ. ಲಿಂಗಾಯತ ಪ್ರತ್ಯೇಕ ಧರ್ಮದ ಜಗಳದಲ್ಲೂ ಕಾಣದ ಒಗ್ಗಟ್ಟು! ಭಕ್ತರ ಪಾಡು ಇನ್ನೂ ಕಷ್ಟ. ಪಾಟೀಲ, ಕುಲಕರ್ಣಿ, ಬಡಿಗೇರ, ಹಡಪದ: ನಮ್ಮ ಕಡೆ ಅಡ್ಡಹೆಸರೇ ಜಾತಿ ಪ್ರಮಾಣಪತ್ರ. ಆದ್ದರಿಂದ ‘ಭಕ್ತ ಒಂದು’, ‘ಭಕ್ತ ಎರಡು’. ಅದರಲ್ಲೂ ಒಂದನೆಯವ ಯಾರು ಅಂತ ತಕರಾರು ಬಂದೇ ಬರುತ್ತದೆ.

ಇನ್ನು ಬಟ್ಟೆ. ಕಾವಿ ಬೇಡವೆಂದು ಬಿಳಿ ಉಡಿಸಿರುತ್ತಾರೆ. ಸಂಜೆಯ ದೃಶ್ಯಕ್ಕೆ ಬೆಳಕಿನವನು ಸ್ಪಾಟ್‌ಲೈಟಿಗೆ ಆಂಬರ್ ಜೆಲ್, ಅಂದರೆ ಕಿತ್ತಳೆ-ಹಳದಿ ಬಣ್ಣದ ಹಾಳೆ, ಸಿಗಿಸುತ್ತಾನೆ. ಮೊದಲ ಸಾಲಿನವರಿಗೆ ಕಾಣುವುದು ಅಪ್ಪಟ ಕಾವಿ. ಬಿಳಿ ಬಟ್ಟೆಗೆ ಸ್ವಂತ ಅಭಿಪ್ರಾಯವಿಲ್ಲ, ಯಾವ ಬೆಳಕು ಬಿದ್ದರೆ ಆ ಪಕ್ಷ. ನೀಲಿ ಹಾಕಿದರೆ ಸ್ವಾಮಿಗಳು ಪೌರಾಣಿಕ ನಾಟಕದ ಕೃಷ್ಣನಾಗುತ್ತಾರೆ. ಶಲ್ಯ ಒಂದಾದರೂ ಕಾವಿ ಇರಲಿ ಎಂದು ರಾಜಿ ಮಾಡಿಕೊಂಡಿರೋ, ನೀಲಿ ಬೆಳಕಿನಲ್ಲಿ ಕಾವಿ ಕಪ್ಪಾಗುತ್ತದೆ; ಆಗ ಅಯ್ಯಪ್ಪ ಮಾಲಾಧಾರಿಗಳ ಸರದಿ. ಹಣೆಗೆ ವಿಭೂತಿ ಬೇಡ, ನಾಮ ಬೇಡ, ಮುದ್ರೆ ಬೇಡ. ಬರಿ ಹಣೆಯಲ್ಲಿ ಬಿಟ್ಟರೆ ‘ಇವರು ಪಾದ್ರಿಯೇನ್ರೀ?’ ಅಂತ ಹೊಸ ಮನವಿ. ಕಾಮವನ್ನಂತೂ ಕನಸಿನ ದೃಶ್ಯಕ್ಕೆ ಸಾಗಿಸಿಬಿಡುತ್ತಾರೆ. ಕನಸಿಗೆ ಸಮಾಜದ ಅಧ್ಯಕ್ಷರಿಲ್ಲ.

ಹಾಗಂತ ನಮ್ಮವರು ತೀರ ಮಡಿವಂತರೆಂದು ತಿಳಿಯಬೇಡಿ. ಬನಶಂಕರಿ ಜಾತ್ರೆಗೆ ಹೋಗಿ. ಟೆಂಟಿನೊಳಗೆ ಕಂಪನಿ ನಾಟಕದ ಎರಡರ್ಥದ ಮಾತಿಗೆ ಮನವಿ ಕೊಡುವವರೇ ಸಿಳ್ಳೆ ಹೊಡೆಯುತ್ತಿರುತ್ತಾರೆ. ಮಠಕ್ಕೂ ನಾಟಕಕ್ಕೂ ಏನು ಸಂಬಂಧ ಅನ್ನುವವರು ಗದಗಿನ ವೀರೇಶ್ವರ ಪುಣ್ಯಾಶ್ರಮದ ಕಥೆ ಕೇಳಬೇಕು. ಆಶ್ರಮದವರು ಕಂಪನಿ ಕಟ್ಟಿ ಊರೂರು ನಾಟಕ ಆಡಿಸಿ, ಆ ದುಡ್ಡಿನಲ್ಲಿ ಅಂಧ ಮಕ್ಕಳಿಗೆ ಅನ್ನ, ಸಂಗೀತ ಕೊಟ್ಟರು. ಪುಟ್ಟರಾಜ ಗವಾಯಿಗಳು ತಾವೇ ನಾಟಕ ಬರೆದರು. ಅಂದು ಯಾರ ಭಾವನೆಗೂ ಧಕ್ಕೆ ತಾಗಿರಲಿಲ್ಲ. ಟಿಕೀಟಿನ ಸಾಲು ಉದ್ದ ಇತ್ತು.

ಇಷ್ಟೆಲ್ಲ ಪ್ರಾತಿನಿಧ್ಯದ ಮಾತಿನಲ್ಲಿ ಇದೇ ನಾಟಕದಲ್ಲಿ ಬರುವ ಜೋಗತಿಯ, ಯಲ್ಲಮ್ಮನ ಹೆಸರಿಗೆ ಮುತ್ತು ಕಟ್ಟಿಸಿಕೊಂಡವಳ, ಹೆಸರನ್ನು ಒಬ್ಬರೂ ಎತ್ತಲಿಲ್ಲ. ಅವಳ ಪಾತ್ರ ಅರ್ಧ ನಿಮಿಷ, ನಗಿಸಲಿಕ್ಕೆ, ಮೀಸೆ ಬೋಳಿಸಿದ ಕಾಲೇಜು ಹುಡುಗನಿಗೆ. ಯಲ್ಲಮ್ಮನ ಗುಡ್ಡ ಧಾರವಾಡಕ್ಕೆ ದೂರವೇನಲ್ಲ. ದೇವರು ಮತ್ತು ದೇಹ ಎರಡರ ಲೆಕ್ಕವನ್ನೂ ಸಮಾಜ ಯಾರ ಕೊರಳಿಗೆ ಮುತ್ತು ಕಟ್ಟಿ ಚುಕ್ತಾ ಮಾಡಿಕೊಂಡಿತೋ ಅವರಿಗೆ ಈ ನಾಟಕದಲ್ಲಿ ಹೆಸರೂ ಇಲ್ಲ, ಅಡ್ಡಹೆಸರಿನ ಜಗಳವೂ ಇಲ್ಲ. ಮುತ್ತು ಕಟ್ಟಿ ದೇವದಾಸಿ ಮಾಡುವುದನ್ನು 1982ರ ಕಾಯ್ದೆ ನಿಷೇಧಿಸಿತು. ಕಟ್ಟಿಸಿಕೊಂಡವರು ಏನಾದರೆಂದು ಈ ಮನವಿಯವರಲ್ಲಿ ಒಬ್ಬರೂ ಕೇಳಲಿಲ್ಲ. ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿಗೆ ಸೆರಗಿನಲ್ಲಿ ದೃಷ್ಟಿ ತೆಗೆದ ವಿಡಿಯೊ 2021ರಲ್ಲಿ ಎಲ್ಲರ ಫೋನಿನಲ್ಲೂ ಓಡಿತು. ಎಲ್ಲರೂ ಕೈ ಮುಗಿದರು. ಆದರೆ ತಲೆಯ ಮೇಲೆ ಯಲ್ಲಮ್ಮನ ಮೂರ್ತಿಯ ಜಗ ಹೊತ್ತು, ಕಂಕುಳಲ್ಲಿ ಒಂಟಿ ತಂತಿಯ ಚೌಡಿಕೆ ವಾದ್ಯ ಹಿಡಿದು, ತಂತಿ ಬಿಗಿಸುತ್ತ ಸಡಿಲಿಸುತ್ತ ರಾತ್ರಿಯಿಡೀ ಹಾಡಬಲ್ಲವರು ಬದುಕಿರುವಾಗ ಆ ಪಾತ್ರ ಅವರಿಗೆ ಸಿಗುವುದಿಲ್ಲ. ತಾಲೀಮಿಗೆ ಕರೆಸುತ್ತಾರೆ, ಏಕವಚನದಲ್ಲೇ: “ಚಪ್ಪಾಳಿ ಹೆಂಗ ಹೊಡೀತೀ, ನಮ್ಮ ಹುಡುಗಗ ಒಂಚೂರು ಕಲಿಸಿ ಹೋಗು.” ಕಲಿಸಿದ ಮೇಲೆ ಚಹಾ, ಬಸ್ ಚಾರ್ಜು.