ಬಂಧನ ಬೇಡ, ಪ್ರಬಂಧ ಸಾಕು

ಪ್ರಬಂಧಕ್ಕೆ ಮೂರು ಭಾಗ ಇರಲೇಬೇಕು ಅಂತ ನಮ್ಮ ಕನ್ನಡ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದರು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಉಪಸಂಹಾರ ಮರೆತವನಿಗೆ ಅದನ್ನು ಬೆತ್ತವೇ ಬರೆದುಕೊಡುತ್ತಿತ್ತು. ಈ ವಿದ್ಯೆ ಮುಂದೆ ಯಾವ ಕೆಲಸಕ್ಕೂ ಬರೋದಿಲ್ಲ ಅಂತಲೇ ನಾನು ಅಂದುಕೊಂಡಿದ್ದೆ. 2024ರ ಮೇ ತಿಂಗಳಲ್ಲಿ ಪುಣೆಯ ಬಾಲ ನ್ಯಾಯ ಮಂಡಳಿ ನನ್ನ ಕಣ್ಣು ತೆರೆಸಿತು.

ಕಥೆ ನಿಮಗೆ ಗೊತ್ತೇ ಇದೆ. ಪೋರ್ಷೆ ಕಾರು, ಕುಡಿದು ಓಡಿಸಿದ ಅಂತ ಆರೋಪ ಹೊತ್ತ ಹದಿನೇಳರ ಹುಡುಗ, ಕಲ್ಯಾಣಿ ನಗರ, ಬೈಕಿನಲ್ಲಿದ್ದ ಇಬ್ಬರು ಇಂಜಿನಿಯರುಗಳು. ಅವರಿಬ್ಬರೂ ಮನೆಗೆ ತಲುಪಲಿಲ್ಲ. ಹುಡುಗನಿಗೆ ಹದಿನೈದು ಗಂಟೆಯೊಳಗೆ ಜಾಮೀನು ಸಿಕ್ಕಿತು. ಷರತ್ತುಗಳಲ್ಲಿ ಒಂದು, ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ. ಎರಡು ಜೀವಕ್ಕೆ ಮುನ್ನೂರು ಪದ, ಅಂದರೆ ತಲೆಗೆ ನೂರೈವತ್ತು. ನಮ್ಮ ಮೇಷ್ಟ್ರು 'ನಾನು ಕಂಡ ಜಾತ್ರೆ'ಗೇ ನಾನೂರು ಪದ ಕೇಳುತ್ತಿದ್ದರು. ಕಟುಕ ಮನುಷ್ಯ.

ಜನ ರೊಚ್ಚಿಗೆದ್ದ ಮೇಲೆ ಮಂಡಳಿ ಮೂರೇ ದಿನಕ್ಕೆ ಮನಸ್ಸು ಬದಲಿಸಿ ಹುಡುಗನನ್ನು ಅಪ್ರಾಪ್ತ ಆರೋಪಿಗಳನ್ನು ಇಡುವ ವೀಕ್ಷಣಾಲಯಕ್ಕೆ ಕಳಿಸಿತು. ಜೂನ್‌ನಲ್ಲಿ ಬಾಂಬೆ ಹೈಕೋರ್ಟ್ ಅವನನ್ನು ಅಲ್ಲಿಂದ ಬಿಡಿಸಿತು. ಜುಲೈನಲ್ಲಿ ಪ್ರಬಂಧವೂ ಸಲ್ಲಿಕೆಯಾಯಿತು. ಎಷ್ಟು ಮಾರ್ಕ್ಸ್ ಬಂತು ಅಂತ ಮಾತ್ರ ಯಾವ ಪತ್ರಿಕೆಯೂ ಬರೆಯಲಿಲ್ಲ. ಕಾಗುಣಿತ ತಪ್ಪಿದ್ದರೆ ಜಾಮೀನು ರದ್ದಾಗುತ್ತಿತ್ತಾ? ಕೈಬರಹ ಚೆನ್ನಾಗಿದ್ದರೆ ಏನಾದರೂ ರಿಯಾಯಿತಿ ಇತ್ತಾ? ಇಂಥ ಮುಖ್ಯ ವಿಷಯಗಳನ್ನೇ ನಮ್ಮ ಮಾಧ್ಯಮದವರು ಕೇಳುವುದಿಲ್ಲ.

ಇದೆಲ್ಲ ಈಗ ನೆನಪಾಗಲು ಕಾರಣ ಕಳೆದ ಶನಿವಾರ ರಾತ್ರಿ. ಚೆಕಿಂಗ್ ಸಾಲಿನಲ್ಲಿ ಸಿಕ್ಕಿಬಿದ್ದಿದ್ದೆ. ನನ್ನ ಮುಂದೆ ಹಳೇ ಸ್ಕೂಟರಿನಲ್ಲಿ ಒಬ್ಬ ಬಡಪಾಯಿ.

"ಊದಪ್ಪಾ."

ಅವನು ಊದಲಿಲ್ಲ, ಒಳಗೆ ಎಳೆದುಕೊಂಡ.

"ಹೀರಬೇಡ ಕಣಯ್ಯಾ, ಊದು!"

ಮೂರನೇ ಸಲಕ್ಕೆ ಯಂತ್ರ ಕೀಂಯ್ ಅಂತು. "ಕೆಮ್ಮಿನ ಔಷಧಿ ಸಾರ್" ಅಂದ. ಶನಿವಾರ ರಾತ್ರಿ ಹನ್ನೊಂದು ಗಂಟೆಗೆ ಇಡೀ ಊರಿಗೇ ಕೆಮ್ಮು ಬರುತ್ತದೆ, ಗಮನಿಸಿದ್ದೀರಾ? ಭಾನುವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ವಾಸಿ.

ಈ ಸ್ಕೂಟರಿನವನ ವಿಷಯದಲ್ಲಿ ನಮ್ಮ ಕಾನೂನು ಭಾರೀ ಚುರುಕು. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಕೇಸು. ಮೊದಲ ಸಲ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಬೇಕಾದರೆ ಎರಡೂ. ಎರಡನೇ ಸಲ ಸಿಕ್ಕಿಬಿದ್ದರೆ 15,000 ಅಥವಾ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡೂ. 2019ಕ್ಕೆ ಮುಂಚೆ ಮೊದಲ ದಂಡ ಎರಡು ಸಾವಿರದವರೆಗೆ ಇತ್ತು, ಪಾರ್ಟಿ ಬಿಲ್ಲಿಗೆ ಸೇರಿಸಿಕೊಂಡು ಹಂಚಿಕೊಳ್ಳಬಹುದಿತ್ತು. ಈಗ ಗಾಡಿ ಸ್ಟೇಷನ್‌ನಲ್ಲಿ, ಸವಾರ ಕೋರ್ಟಿನಲ್ಲಿ, ಲೈಸೆನ್ಸ್ ಅಮಾನತಿನಲ್ಲಿ. ಅವನ ಹತ್ತಿರ ವಕೀಲರಿಲ್ಲ. ಯಂತ್ರ ಕೊಟ್ಟ ಚೀಟಿ ತೋರಿಸಿದ ಕೂಡಲೇ "ತಪ್ಪಾಯ್ತು ಸ್ವಾಮಿ" ಅನ್ನುತ್ತಾನೆ. ಐದು ನಿಮಿಷದಲ್ಲಿ ಕೇಸು ಮುಗೀತು. ತಪ್ಪು ಮಾಡಿದ್ದಾನೆ, ಕಟ್ಟಲಿ, ನನ್ನದೇನೂ ತಕರಾರಿಲ್ಲ. ಆದರೆ ಅವನಿಗೆ ಪ್ರಬಂಧದ ಆಯ್ಕೆಯನ್ನು ಯಾಕೆ ಕೊಡಲಿಲ್ಲ ಅಂತ ಸುಮ್ನೆ ಒಂದು ಕುತೂಹಲ. ಹತ್ತು ಸಾವಿರ ಅಂದಾಗ "ಅಷ್ಟೊಂದು ಪದ ಬರೆಯೋಕೆ ಬರಲ್ಲ ಸಾರ್" ಅಂತ ಅವನೇನಾದರೂ ಕೇಳಿಕೊಂಡಿದ್ದರೆ?

ಅಂದಹಾಗೆ, ಈ ಲೇಖನ ಇನ್ನೇನು ಮುನ್ನೂರು ಪದ ದಾಟಲಿದೆ. ಲೆಕ್ಕದ ಪ್ರಕಾರ ನನ್ನ ಖಾತೆಯಲ್ಲಿ ಒಂದು ಜಾಮೀನು ಜಮೆ ಇದೆ.

ಇನ್ನು ವಾಸನೆಯ ವಿಷಯ. ಇದು ನನಗೆ ಬಹಳ ಇಷ್ಟವಾದ ಅಧ್ಯಾಯ, ಸ್ವಲ್ಪ ಎಳೆಯುತ್ತೇನೆ. 1971ರಲ್ಲಿ ಸುಪ್ರೀಂ ಕೋರ್ಟು ಒಂದು ಅಪಘಾತದ ಕೇಸಿನಲ್ಲಿ ಹೇಳಿತು: ಬಾಯಲ್ಲಿ ವಾಸನೆ, ನಡಿಗೆಯಲ್ಲಿ ತೂರಾಟ, ಅಗಲವಾದ ಕಣ್ಣುಪಾಪೆ, ಇಷ್ಟರಿಂದಲೇ ಮನುಷ್ಯ ಕುಡಿದಿದ್ದ ಅಂತ ತೀರ್ಮಾನಿಸಲಾಗದು. ರಕ್ತ ಪರೀಕ್ಷೆ ಎಲ್ಲಿ? ಸರಿಯಾದ ಮಾತೇ, ಅಲ್ವಾ? ಸುಮ್ಮನೆ ಯಾರನ್ನೋ ಮೂಸಿ ನೋಡಿ ಒಳಗೆ ಹಾಕಲಾದೀತೇ? ಆಮೇಲೆ 2007ರ ಡಿಸೆಂಬರಿನಲ್ಲಿ ದೆಹಲಿಯ ಇಂಡಿಯಾ ಗೇಟ್ ಹತ್ತಿರ ಒಂದು ಕಾರು ಪಲ್ಟಿ ಹೊಡೆದು ಹೊತ್ತಿಕೊಂಡಿತು. ಅದೂ ಪೋರ್ಷೆಯೇ. ಮಾಲೀಕ ಕಂಪನಿಯ ಹೆಸರಲ್ಲೇ 'ಬೆವರೇಜಸ್' ಅಂತಿತ್ತು, ನಾನು ಸೇರಿಸಿದ್ದಲ್ಲ. ಕಾರಿಗೆ ವಿಮೆ ಹಣ ಕೊಡಿ ಅಂತ ಅವರು ಕೇಳಿದರು. ವಿಮೆಯವರು ಡ್ರೈವರ್ ಕುಡಿದಿದ್ದ ಅಂದರು. ರಕ್ತ ಪರೀಕ್ಷೆ ಆಗಿರಲಿಲ್ಲ, ಡಾಕ್ಟರ ವರದಿಯಲ್ಲಿ ವಾಸನೆ ಇತ್ತು. 2021ರಲ್ಲಿ ಸುಪ್ರೀಂ ಕೋರ್ಟು ಸಂದರ್ಭವನ್ನೆಲ್ಲ ತೂಗಿ ನೋಡಿ, ಹಣ ಕೊಡಬೇಕಿಲ್ಲ ಅಂತು.

ಎರಡು ತೀರ್ಪೂ ಅದರದರ ಜಾಗದಲ್ಲಿ ಸರಿ. ಜೈಲಿಗೆ ಹಾಕಲು ಬೇಕಾದ ಸಾಕ್ಷಿಯ ತೂಕ ಬೇರೆ, ವಿಮೆ ತಡೆಯಲು ಬೇಕಾದ ತೂಕ ಬೇರೆ. ವಕೀಲರು ಇದನ್ನು ಬಿಡಿಸಿ ಹೇಳುತ್ತಾರೆ, ನಾವೂ ಹೌದೌದು ಅಂತ ತಲೆ ಆಡಿಸುತ್ತೇವೆ. ಆದರೂ ನಮ್ಮಂಥ ದಡ್ಡರ ತಲೆಯಲ್ಲಿ ಉಳಿಯುವುದು ಇಷ್ಟೇ: ಜೈಲಿನ ಬಾಗಿಲು ತೆರೆಯಲು ಸಾಲದ ವಾಸನೆ, ತಿಜೋರಿಯ ಬಾಗಿಲು ಮುಚ್ಚಲು ಸಾಕಾಯಿತು.

ವಾಸನೆ ಸಾಲದು, ರಕ್ತ ಬೇಕು ಅಂದಮೇಲೆ ರಕ್ತದ ಸ್ವಭಾವವನ್ನೂ ತಿಳಿದುಕೊಳ್ಳಬೇಕು. ರಕ್ತಕ್ಕೆ ಮರೆವು ಜಾಸ್ತಿ. 100 ಮಿಲಿಲೀಟರಿಗೆ ಹೆಚ್ಚುಕಡಿಮೆ ಗಂಟೆಗೆ 15 ಮಿಲಿಗ್ರಾಂನಂತೆ ಕುಡಿದದ್ದನ್ನು ಮರೆಯುತ್ತಾ ಹೋಗುತ್ತದೆ. ಹಾಗಾಗಿ ಇಂಥ ಕೇಸುಗಳಲ್ಲಿ ಎಲ್ಲರಿಗಿಂತ ದೊಡ್ಡ ವಕೀಲ ಅಂದರೆ ಗೋಡೆ ಗಡಿಯಾರ. ಕಾನೂನಿಗೂ ಇದು ಗೊತ್ತು. ಈ ಕೇಸಿನಲ್ಲಿ ಹಿಡಿದವನನ್ನು ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸದಿದ್ದರೆ ಬಿಟ್ಟುಬಿಡಬೇಕು ಅಂತ 202ನೇ ಸೆಕ್ಷನ್ ಹೇಳುತ್ತದೆ. ಪಾಪ, ಬರೆದವರ ಉದ್ದೇಶ ಒಳ್ಳೆಯದೇ ಇದ್ದಿರಬೇಕು. ಪೊಲೀಸರು ಬೇಗ ಪರೀಕ್ಷೆ ಮಾಡಿಸಲಿ ಅಂತ. ಸ್ಕೂಟರಿನವನು ಆ ಎರಡು ಗಂಟೆ ಕಲ್ಲುಬೆಂಚಿನ ಮೇಲೆ ಕೂತು ಹೆಂಡತಿಗೆ ಏನು ಹೇಳೋದು ಅಂತ ಯೋಚಿಸುತ್ತಾನೆ. ದೊಡ್ಡವರ ಮಕ್ಕಳಾದರೆ ಅಷ್ಟರಲ್ಲಿ ಹತ್ತು ಫೋನು ಬಂದಿರುತ್ತದೆ.

ಪುಣೆಯಲ್ಲಿ ಗಡಿಯಾರದ ಮೇಲೂ ನಂಬಿಕೆ ಸಾಲಲಿಲ್ಲ. ಪೊಲೀಸರ ಆರೋಪದ ಪ್ರಕಾರ ಹುಡುಗನ ರಕ್ತದ ಮಾದರಿ ಕಸದ ಬುಟ್ಟಿಗೆ ಹೋಯಿತು, ಆ ಜಾಗಕ್ಕೆ ತಾಯಿಯ ರಕ್ತ ಬಂತು. ಸರ್ಕಾರಿ ಆಸ್ಪತ್ರೆಯ ವೈದ್ಯರೇ ಬಂಧನವಾದರು. ಮಕ್ಕಳಿಗಾಗಿ ರಕ್ತ ಸುರಿಸುವ ತಾಯಂದಿರ ಬಗ್ಗೆ ನಾವು ಬಹಳ ಕೇಳಿದ್ದೇವೆ. ಸಿರಿಂಜಿನಲ್ಲಿ ಸುರಿಸಿದ್ದು ಇದೇ ಮೊದಲು.

ಡ್ರೈವರ್‌ಗಳ ಸೇವೆಯನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಕಾರು ಓಡಿಸಿದ್ದು ನಾನೇ ಅಂತ ಹೇಳು ಎಂದು ಪುಣೆಯ ಮನೆಯ ಡ್ರೈವರ್ ಮೇಲೆ ಒತ್ತಡ ಬಂದಿತ್ತು ಅನ್ನುವುದೂ ಪೊಲೀಸರ ಆರೋಪವೇ. ಮುಂಬೈಯಲ್ಲಿ 2002ರಲ್ಲಿ ನಡೆದ ನಟನ ಕಾರಿನ ಅಪಘಾತದಲ್ಲಂತೂ, ಓಡಿಸಿದ್ದು ನಾನು ಅಂತ ಡ್ರೈವರ್ ಕೋರ್ಟಿಗೆ ಬಂದು ಹೇಳಿದ್ದು 2015ರಲ್ಲಿ. ಹದಿಮೂರು ವರ್ಷ! ಅದೇ ವರ್ಷ ಕೆಳಗಿನ ಕೋರ್ಟು ನಟನಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು, ಡಿಸೆಂಬರಿನಲ್ಲಿ ಹೈಕೋರ್ಟು ಸಾಕ್ಷಿ ಸಾಲದು ಅಂತ ಬಿಡುಗಡೆ ಮಾಡಿತು. ದೊಡ್ಡ ಮನೆಗಳಲ್ಲಿ ಡ್ರೈವರ್ ಕೆಲಸಕ್ಕೆ ಇನ್ನು ಮುಂದೆ ಹೀಗೆ ಜಾಹೀರಾತು ಕೊಡಬಹುದು: ಗಾಡಿ ಓಡಿಸಲು ಬರದಿದ್ದರೂ ಪರವಾಗಿಲ್ಲ, ಓಡಿಸಿದ್ದೆ ಅನ್ನಲು ಬರಬೇಕು.

1999ರ ದೆಹಲಿಯ ಬಿಎಂಡಬ್ಲ್ಯು ಕೇಸು ಇದನ್ನೂ ಮೀರಿಸಿತ್ತು. ಆರು ಜನ ಸತ್ತರು, ಅದರಲ್ಲಿ ಮೂವರು ಪೊಲೀಸರು. ಬದುಕುಳಿದ ಒಬ್ಬನೇ ಒಬ್ಬ, ತನಗೆ ಗುದ್ದಿದ್ದು ಟ್ರಕ್ಕು ಅಂದ. 2012ರಲ್ಲಿ ಸುಪ್ರೀಂ ಕೋರ್ಟು ಅದು ಕೊಲೆಯಲ್ಲದ ನರಹತ್ಯೆಯೇ ಹೌದು ಅಂತು. ಆದರೆ ಕಾರು ಓಡಿಸಿದವನು ಆಗಲೇ ಕಳೆದಿದ್ದ ಎರಡು ವರ್ಷದ ಜೈಲೇ ಸಾಕು, ಮೇಲೆ 50 ಲಕ್ಷ ರೂಪಾಯಿ ಕಟ್ಟು, ಎರಡು ವರ್ಷ ಸಮುದಾಯ ಸೇವೆ ಮಾಡು ಅಂತ ತೀರ್ಪು ಕೊಟ್ಟಿತು.

ನಮ್ಮವರಿಗೆ ಇನ್ನೂ ಹೊಳೆಯದ ಒಂದು ಉಪಾಯ ಬೆಲ್ಜಿಯಂನಲ್ಲಿದೆ. 2024ರ ಏಪ್ರಿಲಿನಲ್ಲಿ ಬ್ರೂಜ್‌ನ ಕೋರ್ಟು ಒಬ್ಬನನ್ನು ಬಿಟ್ಟುಬಿಟ್ಟಿತು. ಅವನ ಹೊಟ್ಟೆಯೇ ತಿಂದ ಪಿಷ್ಟವನ್ನು ಹುಳಿ ಬರಿಸಿ ಆಲ್ಕೋಹಾಲ್ ಮಾಡುತ್ತದಂತೆ. ಅಪರೂಪದ ಕಾಯಿಲೆ, ನಿಜವಾದ ಕಾಯಿಲೆ, ವೈದ್ಯರು ಪರೀಕ್ಷಿಸಿ ದೃಢಪಡಿಸಿದ್ದರು. ಆತ ಕೆಲಸ ಮಾಡುತ್ತಿದ್ದದ್ದು ಬಿಯರ್ ಕಾರ್ಖಾನೆಯಲ್ಲಿ ಅನ್ನೋದು ಕಾಕತಾಳೀಯ. ಈ ಸುದ್ದಿ ನಮ್ಮೂರಿನ ಚೆಕಿಂಗ್ ಸಾಲಿಗೆ ತಲುಪಿದ ದಿನ ಕೆಮ್ಮಿನ ಔಷಧಿಗೆ ಬಿಡುವು. "ಮಧ್ಯಾಹ್ನ ಎರಡು ಮುದ್ದೆ ಜಾಸ್ತಿ ಹೊಡೆದಿದ್ದೆ ಸಾರ್, ಒಳಗೇ ಬಟ್ಟಿ ಇಳೀತಾ ಇದೆ."

ನಗು ಇಲ್ಲಿಗೆ ಸಾಕು ಅನ್ನಿಸುತ್ತಿದೆ. ಪುಣೆಯ ಆ ಕಾರಿಗೆ ಪಕ್ಕಾ ನೋಂದಣಿಯೇ ಆಗಿರಲಿಲ್ಲ. ಕೋಟಿಗಟ್ಟಲೆ ಬೆಲೆಯ ಕಾರಿಗೆ ಕಟ್ಟಲು ಬಾಕಿ ಇದ್ದ ಶುಲ್ಕ 1,758 ರೂಪಾಯಿ. 2019ರ ತಿದ್ದುಪಡಿಯಲ್ಲಿ 199ಎ ಅಂತ ಒಂದು ಸೆಕ್ಷನ್ ಇದೆ. ಮಕ್ಕಳ ಕೈಗೆ ಗಾಡಿ ಕೊಟ್ಟು ಅಪರಾಧವಾದರೆ ಪೋಷಕರಿಗೆ, ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ದಂಡ. ಸೆಕ್ಷನ್ನುಗಳಿಗೆ ನಮ್ಮಲ್ಲಿ ಬರವಿಲ್ಲ. ಯಾರ ಮೇಲೆ ಎಷ್ಟು ಬೇಗ ಬೀಳುತ್ತವೆ ಅನ್ನುವುದನ್ನು ನೋಡಿ ನೋಡಿ ಸಾಕಾಗಿದೆ, ಅಷ್ಟೇ. 2025ರ ಜುಲೈನಲ್ಲಿ ಮಂಡಳಿ ಇನ್ನೊಮ್ಮೆ ಯೋಚಿಸಿ, ಹುಡುಗನನ್ನು ವಯಸ್ಕನಂತೆ ವಿಚಾರಣೆ ಮಾಡುವುದು ಬೇಡ ಅಂತು. ಹುಡುಗನ ವಯಸ್ಸನ್ನು ಎಲ್ಲರೂ ಬಹಳ ಜಾಗ್ರತೆಯಿಂದ ನೋಡಿಕೊಂಡರು, ಬಾರಿನವರನ್ನು ಬಿಟ್ಟು.

ಮಹಾರಾಷ್ಟ್ರದಲ್ಲಿ ಬಿಯರ್ ಕುಡಿಯಲು 21 ಆಗಿರಬೇಕು, ವಿಸ್ಕಿಗೆ 25. ಸತ್ತ ಇಬ್ಬರೂ ಮಧ್ಯಪ್ರದೇಶದಿಂದ ಕೆಲಸಕ್ಕೆ ಬಂದವರು. ಇಬ್ಬರಿಗೂ 24. ಆ ರಾತ್ರಿ ಅವರಿಗೇ ಇನ್ನೂ ವಿಸ್ಕಿ ಕೊಡುವಂತಿರಲಿಲ್ಲ.