ಸ್ಪಷ್ಟನೆ: ‘ನಾನು ಸಾಲದು’ ಎಂಬ ಭಯ ಕಾಯಿಲೆಯಲ್ಲ

‘ಇಂಪೋಸ್ಟರ್ ಸಿಂಡ್ರೋಮ್ ಮಾನಸಿಕ ಕಾಯಿಲೆ, ಬರುವುದು ಹೆಂಗಸರಿಗೆ ಮಾತ್ರ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಎರಡೂ ತಪ್ಪು. ಸಾಧನೆ ಕಣ್ಣೆದುರಿಗಿದ್ದರೂ ‘ನನಗೆ ಅಷ್ಟು ಯೋಗ್ಯತೆಯಿಲ್ಲ, ಒಂದು ದಿನ ಸಿಕ್ಕಿಬೀಳುತ್ತೇನೆ’ ಎಂದು ಒಳಗೊಳಗೇ ಹೆದರುವುದೇ ಇಂಪೋಸ್ಟರ್ ಸಿಂಡ್ರೋಮ್. 1978ರಲ್ಲಿ ಇದನ್ನು ಮೊದಲು ವಿವರಿಸಿದ ಮನೋವಿಜ್ಞಾನಿಗಳಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಗಮನಿಸಿದ್ದು ಸಾಧಕ ಮಹಿಳೆಯರನ್ನು. ಗೊಂದಲ ಹುಟ್ಟಿದ್ದು ಬಹುಶಃ ಅಲ್ಲಿಂದಲೇ. ನಂತರದ ಅಧ್ಯಯನಗಳಲ್ಲಿ ಗಂಡಸರಲ್ಲೂ ಇದು ಕಂಡುಬಂದಿದೆ. ಅಮೆರಿಕದ ಮನೋವೈದ್ಯರ ಸಂಘದ ರೋಗಪಟ್ಟಿ ಡಿಎಸ್‌ಎಂ-5ರಲ್ಲಿ ಇದರ ಹೆಸರಿಲ್ಲ.

ಹಾಗಂತ ತಳ್ಳಿಹಾಕುವಂಥದ್ದೂ ಅಲ್ಲ. ಮುಗಿದ ವರದಿಯನ್ನೇ ಮತ್ತೆ ಮತ್ತೆ ತಿದ್ದುತ್ತಾ ಗಡುವು ಮೀರಿಸುವವರೆಲ್ಲ ಸೋಮಾರಿಗಳಲ್ಲ. ಒಂದು ತಪ್ಪು ಸಿಕ್ಕರೂ ಬಣ್ಣ ಬಯಲಾದೀತೆಂದು ಹೆದರಿದವರೂ ಇದ್ದಾರೆ. ಯಾರಾದರೂ ಹೊಗಳಿದರೆ ‘ಏನೋ ಅದೃಷ್ಟ’ ಎಂದು ಜಾರಿಕೊಳ್ಳುತ್ತಾರೆ. ನಿದ್ದೆಗೆಡುವಷ್ಟು ಕಾಡಿದರೆ ಜೊತೆಗೆ ಆತಂಕವೋ ಖಿನ್ನತೆಯೋ ಇರಬಹುದು. ಅವಕ್ಕೆ ಚಿಕಿತ್ಸೆಯಿದೆ, ಆಪ್ತಸಮಾಲೋಚಕರನ್ನು ಕಾಣಿ.